ಬೇರೆ ಮೆದುಳೋ, ಬೇರೆ ದಾರಿಯೋ

6,16,29,875ರ ಘನಮೂಲ ಎಷ್ಟು? 1988ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಆರ್ಥರ್ ಜೆನ್ಸನ್ ಈ ಲೆಕ್ಕವನ್ನು ಶಕುಂತಲಾ ದೇವಿಯವರ ಮುಂದಿಟ್ಟರು. ಪ್ರಶ್ನೆಯನ್ನು ಜೆನ್ಸನ್ ತಮ್ಮ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವಷ್ಟರಲ್ಲಿ 395 ಎಂಬ ಉತ್ತರ ಬಂದಾಗಿತ್ತು. 17,08,59,375ರ ಏಳನೇ ಮೂಲ ಕೇಳಿದರು. ಆಕೆ 15 ಎಂದರು, ಅದೂ ಅಷ್ಟೇ ಬೇಗ.

ಶಕುಂತಲಾ ದೇವಿ 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಪ್ಪ ಸರ್ಕಸ್ಸಿನಲ್ಲಿದ್ದರು. ಮೂರು ವರ್ಷದ ಮಗಳ ಜೊತೆ ಇಸ್ಪೀಟು ಹಿಡಿದು ಕೂತಾಗ, ಎಲೆಗಳು ಅವಳ ನೆನಪಿನಲ್ಲಿ ಹಾಗೇ ಉಳಿಯುತ್ತಿವೆ ಎಂಬುದು ಅವರಿಗೆ ಗೊತ್ತಾಯಿತು. ಆರನೇ ವಯಸ್ಸಿಗೆ ಮೈಸೂರು ವಿಶ್ವವಿದ್ಯಾಲಯದಲ್ಲಿ ಪ್ರದರ್ಶನ. ಕ್ರಮವಾದ ಶಾಲೆಯ ಓದು ಆಗಲೇ ಇಲ್ಲ. 1980ರ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ, ಕಂಪ್ಯೂಟರ್ ಆರಿಸಿಕೊಟ್ಟ 13 ಅಂಕಿಗಳ ಎರಡು ಸಂಖ್ಯೆಗಳನ್ನು ಬಾಯಲ್ಲೇ ಗುಣಿಸಿ 28 ಸೆಕೆಂಡಿನಲ್ಲಿ ಸರಿಯುತ್ತರ ಹೇಳಿದರು. ಅದು ಗಿನ್ನೆಸ್ ದಾಖಲೆಯಾಯಿತು.

ಈ ವೇಗ ಬರುವುದು ಎಲ್ಲಿಂದ ಎಂದು ತಿಳಿಯುವ ಆಸೆ ಜೆನ್ಸನ್ ಅವರದು. ಬುದ್ಧಿಶಕ್ತಿಯ ದೊಡ್ಡ ಪಾಲು ಹುಟ್ಟಿನಿಂದಲೇ ಬರುತ್ತದೆ ಎಂದು 1969ರಲ್ಲಿ ಬರೆದು ದೊಡ್ಡ ಜಗಳ ಎಬ್ಬಿಸಿದ್ದ ಮನುಷ್ಯ ಅವರು. ನರಗಳು ಚುರುಕಾಗಿದ್ದರೆ ಬುದ್ಧಿಯೂ ಚುರುಕು ಎಂಬುದು ಅವರ ನಂಬಿಕೆಯ ತಳಪಾಯ. ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಅತಿ ಸರಳ ಪರೀಕ್ಷೆಗಳನ್ನು ಅವರು ಶಕುಂತಲಾ ದೇವಿಯವರಿಗೆ ಕೊಟ್ಟರು. ಇವುಗಳಲ್ಲಿ ಜಾಣತನಕ್ಕೆ ಕೆಲಸವಿಲ್ಲ, ನರಮಂಡಲದ ಬರಿಯ ವೇಗ ಮಿಲಿಸೆಕೆಂಡುಗಳಲ್ಲಿ ಸಿಗುತ್ತದೆ. 1990ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಕೆಯ ಲೆಕ್ಕದ ವೇಗಕ್ಕೆ ತಕ್ಕ ಚುರುಕು ಆ ಪರೀಕ್ಷೆಗಳಲ್ಲಿ ಕಾಣಲೇ ಇಲ್ಲ. ತಮ್ಮ ನಂಬಿಕೆಗೆ ಒಗ್ಗದ ಫಲಿತಾಂಶವನ್ನು ಜೆನ್ಸನ್ ಮುಚ್ಚಿಡದೆ ಬರೆದರು. ಅದಕ್ಕಾಗಿ ಅವರನ್ನು ಮೆಚ್ಚಬೇಕು.

ಹಾಗಾದರೆ 395 ಹೇಗೆ ಬಂತು? ನಾವೇ ಲೆಕ್ಕದೊಳಗೆ ಇಳಿದು ನೋಡೋಣ. ಕೊಟ್ಟದ್ದು ಪೂರ್ಣಘನ ಎಂಬುದು ಮೊದಲೇ ಗೊತ್ತು. 400ರ ಘನ 6 ಕೋಟಿ 40 ಲಕ್ಷ. ನಮ್ಮ ಸಂಖ್ಯೆ 6 ಕೋಟಿ 16 ಲಕ್ಷ ಚಿಲ್ಲರೆ. ಅಂದರೆ ಮೂಲ 400ಕ್ಕಿಂತ ತುಸು ಕಡಿಮೆ. ಘನ 5ರಲ್ಲಿ ಮುಗಿದಿದೆ, ಆದ್ದರಿಂದ ಮೂಲವೂ 5ರಲ್ಲೇ ಮುಗಿಯಬೇಕು. 385 ಇರಬಹುದೇ ಎಂದರೆ ಅದರ ಘನ 5 ಕೋಟಿ 70 ಲಕ್ಷದ ಹತ್ತಿರವೇ ನಿಂತುಬಿಡುತ್ತದೆ. ಉಳಿದದ್ದು 395 ಒಂದೇ. ಆಕೆ ಇದೇ ದಾರಿಯಲ್ಲಿ ನಡೆದರು ಎಂದು ನಾನು ಹೇಳುತ್ತಿಲ್ಲ. ಸಂಖ್ಯೆಗಳ ಸ್ವಭಾವ ತಿಳಿದವರಿಗೆ ಇಂಥ ಒಳದಾರಿಗಳು ತೆರೆದಿರುತ್ತವೆ ಎಂಬುದಷ್ಟೇ ನನ್ನ ಮಾತು. ಊರಿನ ಗಲ್ಲಿಗಳೆಲ್ಲ ಗೊತ್ತಿರುವ ಪೋಸ್ಟ್‌ಮ್ಯಾನ್ ಓಡದೆಯೂ ನಮಗಿಂತ ಮೊದಲು ಮನೆ ಮುಟ್ಟುತ್ತಾನೆ.

‘ಬೇರೆ ಮೆದುಳು’ ಎನ್ನುವವರು ಇಷ್ಟಕ್ಕೆ ಸುಮ್ಮನಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. 13 ಅಂಕಿಗಳ ಗುಣಾಕಾರಕ್ಕೆ ಇಷ್ಟು ಸುಲಭದ ಒಳದಾರಿ ಎಲ್ಲಿದೆ? ಒಳದಾರಿಯೇ ಎಂದು ಒಪ್ಪಿದರೂ, ಮೂರು ವರ್ಷದ ಮಗುವಿಗೆ ಅದನ್ನು ಹೇಳಿಕೊಟ್ಟವರು ಯಾರು? ಇಸ್ಪೀಟಿನ ಎಲೆ ಮುಟ್ಟಿದ ಮಕ್ಕಳು ನಮ್ಮ ಊರೂರಲ್ಲಿ ಇದ್ದಾರೆ, ಅವರೆಲ್ಲ ಶಕುಂತಲಾ ದೇವಿ ಆಗಲಿಲ್ಲ. ಗುಂಡಿ ಒತ್ತುವ ವೇಗದಲ್ಲಿ ವ್ಯತ್ಯಾಸ ಸಿಗಲಿಲ್ಲ ಎಂದರೆ ವ್ಯತ್ಯಾಸವೇ ಇಲ್ಲ ಎಂದಾಗುವುದಿಲ್ಲ. ಹುಡುಕಿದ ಜಾಗದಲ್ಲಿ ಇರಲಿಲ್ಲ, ಅಷ್ಟೇ.

ಕನ್ನಡದ ಗಾದೆಗಳೇ ಈ ವಿಷಯದಲ್ಲಿ ಎರಡು ಪಕ್ಷ ಕಟ್ಟಿಕೊಂಡಿವೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಅನ್ನುತ್ತದೆ ಒಂದು. ‘ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ’ ಅನ್ನುತ್ತದೆ ಇನ್ನೊಂದು. ನಮ್ಮ ಹಿರಿಯರು ಎರಡನ್ನೂ ಹೇಳುತ್ತಿದ್ದರು, ಎರಡನ್ನೂ ನಂಬುತ್ತಿದ್ದರು.

ರಾಗದ ಗಾದೆಯ ಪರವಾಗಿ ಜರ್ಮನಿಯ ರೂಡಿಗರ್ ಗಾಮ್ ಎಂಬುವರ ಮೆದುಳು ಸಾಕ್ಷಿ ಹೇಳಿದೆ. ಗಾಮ್ ಬಾಲಪ್ರತಿಭೆಯೇನಲ್ಲ. ಇಪ್ಪತ್ತರ ಹರೆಯದಲ್ಲಿ ಲೆಕ್ಕದ ಅಭ್ಯಾಸ ಶುರುಮಾಡಿ, ದಿನಕ್ಕೆ ನಾಲ್ಕು ಗಂಟೆಯವರೆಗೆ ಕೂತು, ದೊಡ್ಡ ಗಣಕರ ಸಾಲಿಗೆ ಸೇರಿದವರು. ಅವರು ಲೆಕ್ಕ ಮಾಡುವಾಗಲೇ ಮೆದುಳಿನ ಸ್ಕ್ಯಾನ್ ತೆಗೆದು, ಸಾಮಾನ್ಯರ ಸ್ಕ್ಯಾನಿನ ಜೊತೆ ಹೋಲಿಸಿದ ಸಂಶೋಧನೆ 2001ರಲ್ಲಿ ಪ್ರಕಟವಾಯಿತು. ಎಲ್ಲರೂ ಬಳಸುವ ಭಾಗಗಳನ್ನು ಗಾಮ್ ಕೂಡ ಬಳಸುತ್ತಿದ್ದರು. ಅದರ ಮೇಲೆ, ದೀರ್ಘಕಾಲದ ನೆನಪಿಗೆ ಸೇರಿದ ಭಾಗಗಳೂ ಅವರಲ್ಲಿ ದುಡಿಯುತ್ತಿದ್ದವು. ಅರ್ಧ ಮಾಡಿದ ಲೆಕ್ಕ ಜಾರಿಹೋಗದಂತೆ ಹಿಡಿದುಕೊಳ್ಳಲು ನಾವು ಒದ್ದಾಡುತ್ತೇವೆ. ಗಾಮ್ ಅದನ್ನು ಉಗ್ರಾಣದಲ್ಲಿಟ್ಟು ಬೇಕಾದಾಗ ತೆಗೆದುಕೊಳ್ಳುತ್ತಿದ್ದರು. ಇಲ್ಲಿ ಮೆದುಳಿನ ಕೆಲಸ ಖಂಡಿತ ಬೇರೆ ಬಗೆಯದು, ಆದರೆ ಆ ಬಗೆ ಅಭ್ಯಾಸದ ಕೂಸು ಎನ್ನಲು ಬಲವಾದ ಕಾರಣವಿದೆ.

ಇನ್ನು ಐನ್‌ಸ್ಟೈನ್. ಈ ವಿಷಯ ಬಂದಾಗ ಅವರ ಮೆದುಳಿನ ಮಾತು ಬಾರದೆ ಇರುವುದಿಲ್ಲ. 1955ರ ಏಪ್ರಿಲ್ 18ರಂದು ಪ್ರಿನ್ಸ್‌ಟನ್ನಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡಾಗ 76 ವರ್ಷ. ದೇಹದ ದಹನವಾಯಿತು. ಮೆದುಳು ಮಾತ್ರ ಉಳಿಯಿತು. ಶವಪರೀಕ್ಷೆ ಮಾಡಿದ ಡಾಕ್ಟರ್ ಥಾಮಸ್ ಹಾರ್ವಿ ಅದನ್ನು ತೆಗೆದಿಟ್ಟುಕೊಂಡರು. ಮಗನ ಒಪ್ಪಿಗೆ ಪಡೆದದ್ದು ಆಮೇಲೆ. ಫೋಟೊ ತೆಗೆದು, 240 ತುಂಡು ಮಾಡಿ, ಜಾಡಿಗಳಲ್ಲಿ ಹಾಕಿಟ್ಟರು. 1978ರಲ್ಲಿ ಪತ್ರಕರ್ತ ಸ್ಟೀವನ್ ಲೆವಿ ಹಾರ್ವಿಯವರನ್ನು ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ಹುಡುಕಿ ಹಿಡಿದಾಗ, ಆ ಜಾಡಿಗಳು ಹಣ್ಣಿನ ಪಾನೀಯದ ಒಂದು ಹಳೆಯ ಪೆಟ್ಟಿಗೆಯಲ್ಲಿದ್ದವು.

ಮೆದುಳಿನ ತೂಕ 1230 ಗ್ರಾಂ. ಗಂಡಸರ ಸರಾಸರಿಗಿಂತ ಕಡಿಮೆಯೇ. ತೂಕಕ್ಕೂ ಪ್ರತಿಭೆಗೂ ನಂಟಿಲ್ಲ ಎಂಬುದು ಅದಕ್ಕೂ ಮೊದಲೇ ತಿಳಿದಿತ್ತು. ರಷ್ಯಾದ ಕಾದಂಬರಿಕಾರ ತುರ್ಗೆನೆವ್ ಅವರ ಮೆದುಳು 2 ಕಿಲೊ ದಾಟಿದರೆ, ನೊಬೆಲ್ ಪಡೆದ ಅನತೋಲ್ ಫ್ರಾನ್ಸ್ ಅವರದು 1 ಕಿಲೊ ಚಿಲ್ಲರೆ. ಹಾಗಾಗಿ ಹುಡುಕಾಟ ಒಳರಚನೆಯತ್ತ ತಿರುಗಿತು. 1985ರಲ್ಲಿ ಮೇರಿಯನ್ ಡೈಮಂಡ್ ಐನ್‌ಸ್ಟೈನರ ಮೆದುಳಿನ ನಾಲ್ಕು ತುಂಡುಗಳನ್ನು 11 ಗಂಡಸರ ಮೆದುಳಿನೊಡನೆ ಹೋಲಿಸಿ, ಎಡಭಾಗದ ಒಂದು ಜಾಗದಲ್ಲಿ ನರಕೋಶಗಳ ಲೆಕ್ಕಕ್ಕೆ ಗ್ಲಿಯಾ ಕೋಶಗಳು ಹೆಚ್ಚಿವೆ ಎಂದರು. ಗ್ಲಿಯಾ ಎಂದರೆ ನರಕೋಶಗಳಿಗೆ ಆಸರೆಯಾಗಿ, ಅವುಗಳ ಯೋಗಕ್ಷೇಮ ನೋಡಿಕೊಳ್ಳುವ ಕೋಶಗಳು. 1999ರಲ್ಲಿ ಕೆನಡಾದ ಸ್ಯಾಂಡ್ರಾ ವಿಟೆಲ್ಸನ್, ಮೆದುಳಿನ ಪಕ್ಕದ ಕೆಳ ಪೆರೈಟಲ್ ಭಾಗ ಐನ್‌ಸ್ಟೈನರಲ್ಲಿ ಇತರರಿಗಿಂತ ಶೇ 15ರಷ್ಟು ಹೆಚ್ಚು ಅಗಲವಾಗಿತ್ತು ಎಂದು ಬರೆದರು. ಆಕಾರ, ಅವಕಾಶ, ಗಣಿತದ ಯೋಚನೆಗಳಿಗೆ ಆ ಭಾಗ ಬೇಕು. ಡೀನ್ ಫಾಕ್ ಮತ್ತು ಸಂಗಡಿಗರು ಹಳೆಯ 14 ಫೋಟೊಗಳನ್ನು ಇಟ್ಟುಕೊಂಡು ಮುಂಭಾಗದ ಮಡಿಕೆಗಳೂ ಅಪರೂಪದವು ಎಂದು ತೋರಿಸಿದರು.

ಇದನ್ನೆಲ್ಲ ಓದಿದಾಗ ಮೈ ಜುಮ್ಮೆನ್ನುತ್ತದೆ. ಆ ಆಕರ್ಷಣೆ ಸಹಜ. ಸಾಪೇಕ್ಷತೆಯ ಮನೆ ಸಿಕ್ಕಿಬಿಟ್ಟಿತು, ಬಾಗಿಲು ತಟ್ಟುವುದೊಂದೇ ಬಾಕಿ ಅನ್ನಿಸುತ್ತದೆ.

ಆದರೆ ಆಕ್ಷೇಪಗಳೂ ಗಟ್ಟಿಯಾಗಿವೆ. ಮನಶ್ಶಾಸ್ತ್ರಜ್ಞ ಟೆರೆನ್ಸ್ ಹೈನ್ಸ್ ಅವುಗಳನ್ನು ಒಂದೊಂದಾಗಿ ಎತ್ತಿ ತೋರಿಸಿದ್ದಾರೆ. ಡೈಮಂಡ್ ಹಲವು ಅಳತೆ ತೆಗೆದರು, ವ್ಯತ್ಯಾಸ ಕಂಡದ್ದು ಒಂದರಲ್ಲಿ. ಹತ್ತಾರು ಕಡೆ ಅಳೆದರೆ ಎಲ್ಲೋ ಒಂದು ಕಡೆ ಆಕಸ್ಮಿಕವಾಗಿಯೂ ವ್ಯತ್ಯಾಸ ಸಿಗುತ್ತದೆ. ಹೋಲಿಕೆಗೆ ಇಟ್ಟುಕೊಂಡವರ ಸರಾಸರಿ ವಯಸ್ಸು ಐನ್‌ಸ್ಟೈನರಿಗಿಂತ ಸುಮಾರು 12 ವರ್ಷ ಕಡಿಮೆ. ನೋಡಿದವರಲ್ಲಿ ಹೆಚ್ಚಿನವರಿಗೆ ಇದು ಯಾರ ಮೆದುಳು ಎಂಬುದು ಮೊದಲೇ ಗೊತ್ತು. ಯಾರ ಮೆದುಳನ್ನು ಹಿಡಿದು ನೋಡಿದರೂ ಎಲ್ಲೋ ಒಂದು ಮಡಿಕೆ ಅಪರೂಪವಾಗಿಯೇ ಇರುತ್ತದೆ, ನಮ್ಮ ಕಿವಿಗಳು ಒಬ್ಬರದು ಇದ್ದಂತೆ ಇನ್ನೊಬ್ಬರದು ಇಲ್ಲದ ಹಾಗೆ. ಎಲ್ಲಕ್ಕಿಂತ ಮುಖ್ಯವಾಗಿ, ಐನ್‌ಸ್ಟೈನ್ ಒಬ್ಬರೇ. ಒಂದೇ ಮಾದರಿಯಿಂದ ನಿಯಮ ಹೊರಡುವುದಿಲ್ಲ.

ಜರ್ಮನಿಯ ಗಟಿಂಗೆನ್ ಊರಿನ ಕಥೆ ಇಲ್ಲಿ ಹೇಳಲೇಬೇಕು. ಗಣಿತಜ್ಞ ಗೌಸ್ 1855ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳನ್ನು ಅಲ್ಲಿನ ಸಂಗ್ರಹದಲ್ಲಿ ಇಟ್ಟಿದ್ದರು. ನಮ್ಮ ಕಾಲದಲ್ಲಿ ಅದರ ಎಂಆರ್‌ಐ ಕೂಡ ಆಯಿತು. 2013ರಲ್ಲಿ ರೆನಾಟೆ ಶ್ವೈಟ್ಸರ್ ಎಂಬ ವಿಜ್ಞಾನಿ ಹಳೆಯ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡಿದಾಗ ಜಾಡಿಗಳು ಅದಲುಬದಲಾಗಿದ್ದುದು ಬಯಲಾಯಿತು. ಗೌಸ್ ಹೆಸರಿನ ಜಾಡಿಯಲ್ಲಿದ್ದದ್ದು ಅದೇ ಊರಿನ ವೈದ್ಯ ಫುಕ್ಸ್ ಅವರ ಮೆದುಳು. ಬಹುಕಾಲ ಯಾರಿಗೂ ಅನುಮಾನ ಬಂದಿರಲಿಲ್ಲ. ಪ್ರತಿಭೆ ಮೆದುಳಿನ ಮೇಲ್ಮೈಯಲ್ಲಿ ಬರೆದಿಟ್ಟಿದ್ದರೆ ಅದು ಎಂದೋ ಕಣ್ಣಿಗೆ ಹೊಡೆಯಬೇಕಿತ್ತಲ್ಲ.

ಆದರೂ ಐನ್‌ಸ್ಟೈನರ ಮೆದುಳಿನ ಒಂದು ಗುರುತು ನನ್ನನ್ನು ಬಿಡದೆ ಕಾಡುತ್ತದೆ. ಬಲಗಡೆ, ಎಡಗೈಯನ್ನು ಆಡಿಸುವ ಜಾಗದಲ್ಲಿ, ಒಂದು ಉಬ್ಬು ಇದೆ. ಇಂಥ ಉಬ್ಬು ಪಿಟೀಲು ನುಡಿಸುವವರಲ್ಲಿ ಕಾಣಸಿಗುತ್ತದೆ, ತಂತಿಯ ಮೇಲೆ ಎಡಗೈ ಬೆರಳುಗಳು ಓಡಾಡಬೇಕಲ್ಲ. ಐನ್‌ಸ್ಟೈನ್ ಬಾಲ್ಯದಿಂದಲೇ ಪಿಟೀಲು ಕಲಿತವರು. ಅಲ್ಲಿಗೆ, ಅವರ ಮೆದುಳಿನಲ್ಲಿ ನಾವು ಸ್ವಲ್ಪವಾದರೂ ಅರ್ಥ ಹೇಳಬಲ್ಲ ಗುರುತು ಅಭ್ಯಾಸ ಬಿಟ್ಟುಹೋದ ಗುರುತು. ಇನ್ನೂ ಸ್ವಾರಸ್ಯವೆಂದರೆ, ಐನ್‌ಸ್ಟೈನರ ಗ್ಲಿಯಾ ಎಣಿಸಿದ ಅದೇ ಮೇರಿಯನ್ ಡೈಮಂಡ್ 1960ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದ್ದರು. ಆಟಿಕೆ, ಜೊತೆಗಾರರು ಇರುವ ಗೂಡಿನಲ್ಲಿ ಬೆಳೆದ ಇಲಿಯ ಮೆದುಳಿನ ಹೊರಪದರ ದಪ್ಪವಾಗುತ್ತದೆ, ಒಂಟಿಯಾಗಿ ಬೆಳೆದದ್ದಕ್ಕೆ ಹಾಗಾಗುವುದಿಲ್ಲ ಎಂದು ತೋರಿಸಿಕೊಟ್ಟವರಲ್ಲಿ ಅವರೂ ಒಬ್ಬರು. ಲಂಡನ್ನಿನ ಟ್ಯಾಕ್ಸಿ ಚಾಲಕರ ವಿಷಯವನ್ನು ನೀವು ಕೇಳಿರಬಹುದು. ಸುಮಾರು 25 ಸಾವಿರ ಬೀದಿಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಪಾಸಾದವರಲ್ಲಿ, ದಾರಿಯ ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ಸಿನ ಹಿಂಭಾಗ ಬೆಳೆದಿತ್ತು. ಪಾಸಾಗದವರಲ್ಲಿ ಬೆಳೆದಿರಲಿಲ್ಲ. ಎಲೀನರ್ ಮಗ್ವಾಯರ್ ಕಲಿಕೆಗೆ ಮುಂಚೆ ಮತ್ತು ಆಮೇಲೆ ಎರಡು ಸಲ ಅಳೆದು 2011ರಲ್ಲಿ ಇದನ್ನು ತೋರಿಸಿದರು.

ಹೀಗೆಂದು ಎಲ್ಲವನ್ನೂ ಅಭ್ಯಾಸದ ಖಾತೆಗೆ ಬರೆದುಬಿಡಲು ನಾನು ಸಿದ್ಧನಿಲ್ಲ. ಯಾಕೆಂದರೆ ಕೆಲವರು ಯೋಚಿಸುವ ಸಾಮಗ್ರಿಯೇ ಬೇರೆ. ತಮ್ಮ ಯೋಚನೆಯಲ್ಲಿ ಮಾತುಗಳಿಗೆ ಪಾತ್ರವೇ ಇಲ್ಲ, ಚಿತ್ರಗಳು ಮತ್ತು ಮೈಯ ಚಲನೆಯಂಥ ಅನುಭವಗಳು ಮೊದಲು ಬರುತ್ತವೆ, ಪದಗಳನ್ನು ಆಮೇಲೆ ಕಷ್ಟಪಟ್ಟು ಹುಡುಕಬೇಕಾಗುತ್ತದೆ ಎಂದು ಐನ್‌ಸ್ಟೈನ್ ಗಣಿತಜ್ಞ ಜಾಕ್ ಹದಮಾರ್‌ಗೆ ಬರೆದಿದ್ದರು. ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ಆಟಿಸಂ ಇರುವ ಮಹಿಳೆ, ಪಶುವಿಜ್ಞಾನದ ಪ್ರೊಫೆಸರ್. ದನಗಳು ಹೆದರದೆ ಸಾಗುವಂಥ ಓಣಿಗಳನ್ನು ವಿನ್ಯಾಸ ಮಾಡಿ ಹೆಸರಾದವರು. ದನದ ಕಣ್ಣಿನ ಎತ್ತರದಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಅವರು ನೋಡಿದರು. ನೆಲದ ಮೇಲಿನ ನೆರಳು, ನೇತಾಡುವ ಸರಪಳಿ, ಬೇಲಿಗೆ ತೂಗುಹಾಕಿದ ಕೋಟು, ಇಂಥವೇ ಅವಕ್ಕೆ ಭಯ. ಉಳಿದವರು ಅದನ್ನು ದಿನವೂ ನೋಡಿಯೂ ಕಂಡಿರಲಿಲ್ಲ. ತಾವು ಚಿತ್ರಗಳಲ್ಲೇ ಯೋಚಿಸುವವರು ಎಂದು ಗ್ರ್ಯಾಂಡಿನ್ 1995ರ ತಮ್ಮ ಪುಸ್ತಕದಲ್ಲಿ ವಿವರಿಸಿದ್ದಾರೆ. ಇದನ್ನು ಅವರಿಗೆ ಯಾವ ಗುರುವೂ ಕಲಿಸಲಿಲ್ಲ.

ಹಾಗಾದರೆ ಹೊಸದನ್ನು ಕಾಣುವವರೆಲ್ಲ ಚಿತ್ರದಲ್ಲಿ ಯೋಚಿಸುವವರೇ? ಎಡ್ ಕ್ಯಾಟ್ಮಲ್ ಅವರನ್ನು ನೋಡಿ. ಪಿಕ್ಸಾರ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರು, ಕಂಪ್ಯೂಟರಿನಲ್ಲಿ ಚಿತ್ರ ಮೂಡಿಸುವ ವಿದ್ಯೆಗೆ ಅಡಿಪಾಯ ಹಾಕಿದವರು. ಕಣ್ಣು ಮುಚ್ಚಿದರೆ ಅವರಿಗೆ ಏನೂ ಕಾಣುವುದಿಲ್ಲ. ಮನಸ್ಸಿನಲ್ಲಿ ಚಿತ್ರವೇ ಮೂಡದ ಈ ಸ್ಥಿತಿಗೆ 2015ರಲ್ಲಿ ಆ್ಯಡಮ್ ಝೀಮನ್ ‘ಅಫಾಂಟೇಸಿಯಾ’ ಎಂದು ಹೆಸರಿಟ್ಟರು. ಗ್ರ್ಯಾಂಡಿನ್ ಒಂದು ತುದಿ, ಕ್ಯಾಟ್ಮಲ್ ಇನ್ನೊಂದು ತುದಿ. ಇಬ್ಬರೂ ಎಲ್ಲರಂತೆ ಯೋಚಿಸಲಿಲ್ಲ, ಇಬ್ಬರೂ ಜಗತ್ತಿಗೆ ಹೊಸದನ್ನು ಕೊಟ್ಟರು.

ಬದುಕಿರುವವರ ಸ್ಕ್ಯಾನುಗಳು ಏನು ಹೇಳುತ್ತವೆ ಎಂಬುದನ್ನೂ ನೋಡಬೇಕು. 2018ರಲ್ಲಿ ರೋಜರ್ ಬೀಟಿ ಮತ್ತು ಸಂಗಡಿಗರು 163 ಜನರನ್ನು ಸ್ಕ್ಯಾನರಿನೊಳಗೆ ಮಲಗಿಸಿ, ದಿನಬಳಕೆಯ ವಸ್ತುಗಳಿಗೆ ಹೊಸ ಉಪಯೋಗ ಯೋಚಿಸಿ ಎಂದರು. ಸುಮ್ಮನೆ ಕೂತಾಗ ಮನಸ್ಸು ಅಲೆಯಲು ಬಿಡುವ ಜಾಲ, ಯೋಚನೆಗೆ ಲಗಾಮು ಹಾಕುವ ಜಾಲ, ಯಾವುದಕ್ಕೆ ಗಮನ ಕೊಡಬೇಕೆಂದು ಆರಿಸುವ ಜಾಲ, ಇವು ಸಾಮಾನ್ಯವಾಗಿ ಒಟ್ಟಿಗೆ ದುಡಿಯುವುದು ಕಡಿಮೆ. ಒಳ್ಳೆಯ ಉಪಾಯ ಹೊಳೆಯಿಸಿಕೊಂಡವರಲ್ಲಿ ಈ ಮೂರರ ನಡುವೆ ಸಂಪರ್ಕ ಬಿಗಿಯಾಗಿತ್ತು. ಎಡ ಮೆದುಳು ಲೆಕ್ಕಕ್ಕೆ, ಬಲ ಮೆದುಳು ಕಲೆಗೆ ಎಂಬ ಮಾತಿಗಿಂತ ಇದು ಎಷ್ಟೋ ಪಾಲು ನಂಬಲರ್ಹ. ಎಡಬಲದ ಮಾತಿಗಂತೂ, 2013ರಲ್ಲಿ ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ಪರಿಶೀಲಿಸಿದಾಗ, ಆಧಾರ ಸಿಗಲಿಲ್ಲ. ಹಾರ್ವರ್ಡಿನ ಶೆಲಿ ಕಾರ್ಸನ್ ಇನ್ನೊಂದು ಸುಳಿವು ಕೊಟ್ಟಿದ್ದಾರೆ. ಫ್ಯಾನಿನ ಸದ್ದು ಸ್ವಲ್ಪ ಹೊತ್ತಿನಲ್ಲೇ ನಮಗೆ ಕೇಳದಂತಾಗುತ್ತದೆ. ಬೇಡದ್ದನ್ನು ಹೀಗೆ ಸೋಸುವ ಜರಡಿ ಕೆಲವು ಸೃಜನಶೀಲರಲ್ಲಿ ಸಡಿಲ. ಜಗತ್ತು ಅವರೊಳಗೆ ಹೆಚ್ಚಾಗಿ ನುಗ್ಗುತ್ತದೆ. ಅದನ್ನು ನಿಭಾಯಿಸುವ ಬುದ್ಧಿಬಲ ಜೊತೆಗಿದ್ದರೆ ಹೊಸ ಹೊಳಹು, ಇಲ್ಲದಿದ್ದರೆ ಗೊಂದಲ.

ಒಳ್ಳೆಯ ಸುಳಿವುಗಳು, ಆದರೆ ಸುಳಿವುಗಳೇ. 2022ರಲ್ಲಿ ಸುಮಾರು 50 ಸಾವಿರ ಜನರ ಸ್ಕ್ಯಾನುಗಳನ್ನು ಒಟ್ಟುಗೂಡಿಸಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೇಖನ, ಮೆದುಳಿನ ವ್ಯತ್ಯಾಸಕ್ಕೂ ನಡವಳಿಕೆಗೂ ನಂಟು ಕಟ್ಟಲು ಸಾವಿರಾರು ಜನ ಬೇಕು, ನಂಟು ಸಿಕ್ಕರೂ ಸಣ್ಣದೇ ಎಂದಿತು. ಪ್ರತಿಭೆಗೂ ಹುಚ್ಚಿಗೂ ಕೂದಲೆಳೆಯ ಅಂತರ ಎಂಬ ಮಾತಿನ ಗತಿಯೂ ಇದೇ. 1987ರಲ್ಲಿ ನ್ಯಾನ್ಸಿ ಆ್ಯಂಡ್ರಿಸನ್ 30 ಲೇಖಕರನ್ನು ಮಾತಾಡಿಸಿ, ಅವರಲ್ಲಿ ಮನೋರೋಗ ತುಂಬ ಹೆಚ್ಚು ಎಂದಿದ್ದರು. ಸ್ವೀಡನ್ನಿನಲ್ಲಿ ಹತ್ತು ಲಕ್ಷಕ್ಕೂ ಮೀರಿದ ರೋಗಿಗಳ ದಾಖಲೆ ನೋಡಿದಾಗ, ಬೈಪೋಲಾರ್ ಬಿಟ್ಟರೆ ಉಳಿದ ಮನೋರೋಗಗಳು ಸೃಜನಶೀಲ ವೃತ್ತಿಯವರಲ್ಲಿ ಒಟ್ಟಾರೆಯಾಗಿ ಹೆಚ್ಚೇನೂ ಇರಲಿಲ್ಲ. ಬರಹಗಾರರಲ್ಲಿ ಮಾತ್ರ ಹೆಚ್ಚಿತ್ತು.

ಇದೆಲ್ಲ ವಿಜ್ಞಾನಿಗಳ ತಕರಾರು, ನಮಗೇಕೆ ಅನ್ನಬೇಡಿ. ಈ ವಾದ ನಮ್ಮ ಮನೆಗಳ ಜಗಲಿಗೆ ಬಂದು ಕೂತಿದೆ. ‘ಬೇರೆ ಮೆದುಳು’ ಎಂಬ ಮಾತು ಕೆಲವು ಮಕ್ಕಳಿಗೆ ಜೀವದಾನ ಕೊಟ್ಟಿದೆ. ಡಿಸ್ಲೆಕ್ಸಿಯಾ ಇರುವ ಹುಡುಗ ಸೋಮಾರಿಯಲ್ಲ, ಆಟಿಸಂ ಇರುವ ಹುಡುಗಿ ಹಟಮಾರಿಯಲ್ಲ ಎಂದು ತಂದೆತಾಯಿ ಅರಿತದ್ದು ಈ ಮಾತಿನಿಂದ. ಅದೇ ಮಾತು ಇನ್ನೊಂದು ಕಡೆ ಬಾಗಿಲನ್ನೂ ಹಾಕಿದೆ: ‘ನಮ್ಮ ಹುಡುಗಿಗೆ ಗಣಿತದ ತಲೆ ಇಲ್ಲ ಬಿಡಿ.’ ‘ಎಲ್ಲವೂ ಅಭ್ಯಾಸ’ ಎಂಬ ಮಾತು ಬಡಮಕ್ಕಳಿಗೆ ಆಸೆ ಕೊಟ್ಟಿದೆ. ಅದೇ ಮಾತು, ರ್‍ಯಾಂಕು ಬಾರದ ಮಗುವಿನ ಬೆನ್ನಿಗೆ ಬಾರುಕೋಲೂ ಆಗಿದೆ. ಎರಡರ ನಡುವೆ ಹಣ ಮಾಡುವವರು ಬೇರೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುವ ಶಕ್ತಿ ಬರಿಸುತ್ತೇವೆ ಎಂದು ‘ಮಿಡ್‌ಬ್ರೈನ್ ಆಕ್ಟಿವೇಷನ್’ ತರಗತಿಗಳು ನಮ್ಮ ಊರುಗಳಲ್ಲಿ ನಡೆದವು. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಿದ್ದಾರೆ ಎಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಊರೂರು ಸುತ್ತಿ ಬಯಲಿಗೆಳೆದರು.

ನನ್ನ ತೀರ್ಮಾನ ಇದು. ಮೆದುಳುಗಳು ಬೇರೆ ಬೇರೆಯೇ, ಹುಟ್ಟಿನಿಂದಲೂ ಬೇರೆ, ಬಳಕೆಯಿಂದಲೂ ಬೇರೆ. ಆದರೆ ‘ವಿಭಿನ್ನವಾಗಿ ಯೋಚಿಸುವವರ ಮೆದುಳು’ ಎಂಬ ಪ್ರತ್ಯೇಕ ಜಾತಿ ಒಂದಿಲ್ಲ. ಶಕುಂತಲಾ ದೇವಿಯವರನ್ನೇ ನೋಡಿ. ನನ್ನ ಮಟ್ಟಿಗೆ ಅವರ ನಿಜವಾದ ವಿಭಿನ್ನ ಯೋಚನೆ 28 ಸೆಕೆಂಡಿನ ಗುಣಾಕಾರದಲ್ಲಿಲ್ಲ. ಸಲಿಂಗ ಪ್ರೇಮಿಗಳನ್ನು ಅಪರಾಧಿಗಳೆಂದು ಕಾನೂನು ಕರೆಯುತ್ತಿದ್ದ 1977ರಲ್ಲಿ, ಅವರನ್ನು ಮಾತಾಡಿಸಿ, ಸಮಾಜ ಅವರನ್ನು ಪೂರ್ತಿಯಾಗಿ ಒಪ್ಪಿಕೊಳ್ಳಬೇಕು ಎಂದು ಒಂದು ಇಡೀ ಪುಸ್ತಕ ಬರೆದರಲ್ಲ, ಅದರಲ್ಲಿದೆ. ಸುಪ್ರೀಂ ಕೋರ್ಟು ಆ ಜಾಗ ಮುಟ್ಟಿದ್ದು 2018ರಲ್ಲಿ. ಈ ಧೈರ್ಯ ಮೆದುಳಿನ ಯಾವ ಮಡಿಕೆಯದು ಎಂದು ಯಾವ ಸ್ಕ್ಯಾನೂ ತೋರಿಸಲಾರದು.

ನಾನು ಕೆಲವು ವರ್ಷ ಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು. 347ರಲ್ಲಿ 98 ಕಳೆಯಿರಿ ಎಂದಾಗ ಒಬ್ಬಳು ಹುಡುಗಿ ಸ್ಲೇಟಿನಲ್ಲಿ ಬೇರೇನನ್ನೂ ಬರೆಯದೆ 249 ಎಂದಷ್ಟೇ ಬರೆದಿಟ್ಟಳು. ಕ್ರಮ ತೋರಿಸಿಲ್ಲ, ಪಕ್ಕದವಳದ್ದು ನೋಡಿದ್ದಾಳೆ ಎಂದುಕೊಂಡು ಅಡ್ಡಗೆರೆ ಎಳೆದೆ. ಸಂಜೆ ಅವಳೇ ಬಂದು ಹೇಳಿದಳು: ‘ನೂರು ಕಳೆದೆ ಸಾರ್, ಎರಡು ಜಾಸ್ತಿ ಹೋಯ್ತಲ್ಲ, ವಾಪಸ್ ಕೊಟ್ಟೆ.’ ಆ ಅಡ್ಡಗೆರೆಯನ್ನು ನಾನು ಇಂದಿಗೂ ಮರೆತಿಲ್ಲ. ಮಕ್ಕಳ ಮೆದುಳಿನ ಪರೀಕ್ಷೆ ಮಾಡಿಸುತ್ತೇವೆ ಎನ್ನುವವರ ಹತ್ತಿರ ಹೋಗುವ ಮೊದಲು, ದಯವಿಟ್ಟು ನಿಮ್ಮ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಇದನ್ನು ಹೇಗೆ ಮಾಡಿದೆ?’ ಎಂದು ಕೇಳಿ, ಅದು ಹೇಳಿ ಮುಗಿಸುವವರೆಗೆ ಕಾಯಿರಿ.